ಚಾರ್ಟರ್ ಶಾಲೆಗಳ ಹಣಕಾಸು ಪ್ರಾಧಿಕಾರ: ಅಧಿಕಾರ ಮತ್ತು ಮಿತಿಗಳ ಭಾಷೆ

ಕಾನೂನಿನ ಕನ್ನಡದಲ್ಲಿ ಎರಡು ಕ್ರಿಯಾರೂಪಗಳು ಇಡೀ ವಾಕ್ಯದ ಭಾರವನ್ನು ಹೊರುತ್ತವೆ. ಒಂದು 'ತಕ್ಕದ್ದು', ಮತ್ತೊಂದು 'ಬಹುದು'. ಕರ್ನಾಟಕದ ಅಧಿನಿಯಮಗಳ ಕನ್ನಡ ಪಾಠಗಳನ್ನು ಓದಿದವರಿಗೆ 'ಸರ್ಕಾರವು ನೇಮಿಸತಕ್ಕದ್ದು' ಎಂಬುದಕ್ಕೂ 'ಸರ್ಕಾರವು ನೇಮಿಸಬಹುದು' ಎಂಬುದಕ್ಕೂ ಇರುವ ಅಂತರ ಪರಿಚಿತವಾದುದೇ. ಮೊದಲನೆಯದು ಕಟ್ಟಳೆ, ಎರಡನೆಯದು ವಿವೇಚನೆ. ಇವೆರಡರ ಜೊತೆಗೆ ನಿಷೇಧವನ್ನು ಸೂಚಿಸುವ 'ತಕ್ಕದ್ದಲ್ಲ' ಎಂಬ ರೂಪವೂ ಉಂಟು. ಒಂದು ಸಾರ್ವಜನಿಕ ಸಂಸ್ಥೆಯ ನಿಜಸ್ವರೂಪವನ್ನು ಅರಿಯಬೇಕಾದರೆ ಅದನ್ನು ಹುಟ್ಟಿಸಿದ ಅಧಿನಿಯಮದಲ್ಲಿ ಈ ಮೂರು ರೂಪಗಳು ಎಲ್ಲೆಲ್ಲಿ ಬರುತ್ತವೆ ಎಂಬುದನ್ನು ಗುರುತಿಸುವುದು ಒಳ್ಳೆಯ ಆರಂಭ. ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಚಾರ್ಟರ್ ಶಾಲೆಗಳ ಕಟ್ಟಡಗಳಿಗೆ ಹಣ ಒದಗಿಸುವ 'ಕ್ಯಾಲಿಫೋರ್ನಿಯ ಸ್ಕೂಲ್ ಫೈನಾನ್ಸ್ ಅಥಾರಿಟಿ' ಎಂಬ ಸಂಸ್ಥೆಯನ್ನು ಪ್ರಸ್ತುತ ಲೇಖನದಲ್ಲಿ ಈ ದೃಷ್ಟಿಯಿಂದ ಪರಿಶೀಲಿಸಲಾಗಿದೆ. ಅನುಕೂಲಕ್ಕಾಗಿ ಅದನ್ನು ಇಲ್ಲಿ 'ಪ್ರಾಧಿಕಾರ' ಎಂದು ಕರೆಯಲಾಗಿದೆ.

ಈ ಪ್ರಾಧಿಕಾರ ಕೋಟ್ಯಂತರ ಡಾಲರುಗಳ ಸಾಲವನ್ನು ಮಾರುಕಟ್ಟೆಯಿಂದ ಎತ್ತುತ್ತದೆ. ಆದರೂ ಆ ಸಾಲವನ್ನು ತನ್ನ ಸ್ವಂತ ಹಣದಿಂದ ತೀರಿಸುವ ಹೊಣೆ ಅದಕ್ಕಿಲ್ಲ. ಸಾಲ ತೀರುವುದು ಬಹುಮಟ್ಟಿಗೆ ಸರ್ಕಾರದ ಬೊಕ್ಕಸದಿಂದ ಬಂದ ಹಣದಿಂದಲೇ. ಆದರೂ ಅದು ಸರ್ಕಾರದ ಸಾಲವಲ್ಲ. ಈ ಮಾತುಗಳೆಲ್ಲವೂ ಏಕಕಾಲಕ್ಕೆ ಹೇಗೆ ನಿಜವಾಗುತ್ತವೆ, ಅವು ಹಾಗೆ ನಿಜವಾಗುವುದರಿಂದ ಯಾರ ಹೆಗಲಿಗೆ ಭಾರ ಬೀಳುತ್ತದೆ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಸನ್ನದು ಎಂಬ ಪದ

'ಚಾರ್ಟರ್' ಎಂಬುದಕ್ಕೆ ನಮ್ಮ ಚರಿತ್ರೆಯ ಪುಸ್ತಕಗಳು ಅರಬ್ಬೀ ಮೂಲದ 'ಸನ್ನದು' ಎಂಬ ಪದವನ್ನು ರೂಢಿಸಿಕೊಂಡಿವೆ. ಈಸ್ಟ್ ಇಂಡಿಯಾ ಕಂಪನಿಯ 1813ರ ಸನ್ನದು ಕಾಯಿದೆಯನ್ನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಭಾರತೀಯರ ಶಿಕ್ಷಣಕ್ಕಾಗಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯನ್ನು ತೆಗೆದಿರಿಸಬೇಕೆಂದು ಹೇಳಿದ್ದು ಅದೇ ಕಾಯಿದೆ. ಕಂಪನಿಯ ಸನ್ನದು ಇಪ್ಪತ್ತು ವರ್ಷಗಳಿಗೊಮ್ಮೆ ನವೀಕರಣಗೊಳ್ಳುತ್ತಿತ್ತು, ಪ್ರತಿ ನವೀಕರಣದ ಹೊತ್ತಿಗೂ ಪಾರ್ಲಿಮೆಂಟು ಹೊಸ ಷರತ್ತುಗಳನ್ನು ಹಾಕುತ್ತಿತ್ತು. ಅಮೆರಿಕದ ಶಾಲೆಗೆ ನೀಡುವ ಚಾರ್ಟರಿನಲ್ಲಿಯೂ ಇದೇ ಗುಣವಿದೆ. ಅದು ಅವಧಿಯುಳ್ಳ ಅನುಮತಿ, ಷರತ್ತುಳ್ಳ ಒಡಂಬಡಿಕೆ. ಆದುದರಿಂದ 'ಸನ್ನದು' ಎಂಬ ಪದ ಇಲ್ಲಿ ಹೊಂದುತ್ತದೆ. ಶಾಲೆಯ ಹೆಸರಿಗೆ ಮಾತ್ರ 'ಚಾರ್ಟರ್ ಶಾಲೆ' ಎಂಬ ಬಳಕೆಯ ರೂಪವನ್ನೇ ಉಳಿಸಿಕೊಳ್ಳಲಾಗಿದೆ.

ಚಾರ್ಟರ್ ಶಾಲೆಯನ್ನು ನಮ್ಮ ಅನುದಾನಿತ ಶಾಲೆಯೊಂದಿಗೆ ಸಮೀಕರಿಸುವುದು ಸುಲಭ, ಆದರೆ ಅದು ಸರಿಯಾಗಲಾರದು. ಅನುದಾನಿತ ಶಾಲೆ ಖಾಸಗಿ ಆಡಳಿತ ಮಂಡಳಿಯ ಸ್ವತ್ತು. ಸರ್ಕಾರ ಅದರ ಶಿಕ್ಷಕರ ವೇತನವನ್ನು ಭರಿಸುತ್ತದೆ. ಚಾರ್ಟರ್ ಶಾಲೆಯಾದರೋ ಕಾನೂನಿನ ಪ್ರಕಾರ ಸಾರ್ವಜನಿಕ ಶಾಲೆಯೇ. ಅದು ಬೋಧನಾ ಶುಲ್ಕ ವಿಧಿಸುವಂತಿಲ್ಲ, ಮತಬೋಧೆ ಮಾಡುವಂತಿಲ್ಲ, ಇರುವ ಸ್ಥಳಗಳಿಗಿಂತ ಅರ್ಜಿಗಳು ಹೆಚ್ಚಾದರೆ ಚೀಟಿ ಎತ್ತಿ ಪ್ರವೇಶ ನೀಡಬೇಕು. ಆದರೆ ಅದನ್ನು ನಡೆಸುವವರು ಊರಿನವರು ಚುನಾಯಿಸಿದ ಶಾಲಾ ಮಂಡಳಿಯವರಲ್ಲ. ಬಹುಪಾಲು ಲಾಭರಹಿತ ಸಂಸ್ಥೆಯವರು. ಇಂತಹ ಶಾಲೆಗಳಿಗೆ ಮೊದಲು ಕಾನೂನು ಮಾಡಿದ ರಾಜ್ಯ ಮಿನ್ನೆಸೋಟ, 1991ರಲ್ಲಿ. ಮರುವರ್ಷವೇ ಕ್ಯಾಲಿಫೋರ್ನಿಯ ಅದನ್ನು ಅನುಸರಿಸಿತು. ಇಂದು ಕ್ಯಾಲಿಫೋರ್ನಿಯ ಒಂದರಲ್ಲಿಯೇ 1,200ಕ್ಕೂ ಹೆಚ್ಚು ಚಾರ್ಟರ್ ಶಾಲೆಗಳಿವೆ. ಲಾಭಕ್ಕಾಗಿ ಇರುವ ಕಂಪನಿಗಳು ಈ ಶಾಲೆಗಳನ್ನು ನಡೆಸುವುದನ್ನು 2018ರಲ್ಲಿ ಅಂಗೀಕಾರವಾದ ಕಾನೂನು ನಿಷೇಧಿಸಿತು.

ಸಾರ್ವಜನಿಕ ಶಾಲೆಗಳ ಅಧಿಕಾರಿಗಳ ಸಂಪೂರ್ಣ ಹತೋಟಿಯಲ್ಲಿಲ್ಲದ ಶಾಲೆಗೆ ಸಾರ್ವಜನಿಕ ಹಣ ಕೊಡಕೂಡದೆಂದು ಕ್ಯಾಲಿಫೋರ್ನಿಯದ ಸಂವಿಧಾನದ 9ನೆಯ ವಿಧಿ ಹೇಳುತ್ತದೆ. ಈ ಆಧಾರದ ಮೇಲೆ ಚಾರ್ಟರ್ ಶಾಲೆಗಳ ಕಾನೂನನ್ನು ಪ್ರಶ್ನಿಸಲಾಗಿತ್ತು. 1999ರಲ್ಲಿ 'ವಿಲ್ಸನ್' ಪ್ರಕರಣದಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯ ಕಾನೂನನ್ನು ಎತ್ತಿಹಿಡಿಯಿತು. ಸನ್ನದು ಕೊಡುವವರು, ಉಸ್ತುವಾರಿ ನೋಡುವವರು, ಬೇಕಾದರೆ ಸನ್ನದನ್ನು ಹಿಂತೆಗೆದುಕೊಳ್ಳುವವರು ಸಾರ್ವಜನಿಕ ಅಧಿಕಾರಿಗಳೇ ಆಗಿರುವುದರಿಂದ ಹತೋಟಿ ಅವರ ಕೈಯಲ್ಲಿಯೇ ಇದೆ ಎಂಬುದು ಆ ತೀರ್ಪಿನ ತಿರುಳು. ಮುಂದಿನ ಹಣಕಾಸಿನ ಏರ್ಪಾಡೆಲ್ಲವೂ ನಿಂತಿರುವುದು ಈ ತೀರ್ಪಿನ ಮೇಲೆ. ಆದರೆ ಇದೇ ತೀರ್ಪು ಸನ್ನದನ್ನು ಹಿಂತೆಗೆದುಕೊಳ್ಳುವ ಅಧಿಕಾರಕ್ಕೆ ಅಷ್ಟು ಮಹತ್ವ ಕೊಟ್ಟದ್ದರಿಂದ ಸಾಲ ಕೊಡುವವರಿಗೆ ಅದೇ ದೊಡ್ಡ ಅಂಜಿಕೆಯೂ ಆಯಿತು.

ಗಡಿಯಿಲ್ಲದ ಶಾಲೆ

ಅಮೆರಿಕದಲ್ಲಿ ಸಾಮಾನ್ಯ ಸಾರ್ವಜನಿಕ ಶಾಲೆಗಳು ಒಂದು ಶಾಲಾ ಜಿಲ್ಲೆಗೆ ಸೇರಿರುತ್ತವೆ. ಶಾಲಾ ಜಿಲ್ಲೆಗೆ ಭೌಗೋಳಿಕ ಗಡಿಯಿದೆ, ಗಡಿಯೊಳಗೆ ಆಸ್ತಿಗಳಿವೆ, ಆಸ್ತಿಗಳ ಮೇಲೆ ತೆರಿಗೆಯಿದೆ. ಕಟ್ಟಡ ಬೇಕಾದಾಗ ಜಿಲ್ಲೆ ಮತದಾರರ ಮುಂದೆ ಹೋಗಿ ಅವರ ಒಪ್ಪಿಗೆ ಪಡೆದು ಬಾಂಡುಗಳನ್ನು ಮಾರುತ್ತದೆ. ಅವುಗಳ ಅಸಲು ಬಡ್ಡಿಗಳು ಆಸ್ತಿ ತೆರಿಗೆಯಿಂದ ತೀರುತ್ತವೆ. ಕ್ಯಾಲಿಫೋರ್ನಿಯದಲ್ಲಿ ಇದಕ್ಕೆ ಮೂರನೆಯ ಎರಡು ಭಾಗ ಮತ ಬೇಕಾಗಿತ್ತು. 2000ದ ನವೆಂಬರಿನಲ್ಲಿ ಅಂಗೀಕಾರವಾದ 39ನೆಯ ಪ್ರಸ್ತಾವ ಕೆಲವು ಷರತ್ತುಗಳೊಂದಿಗೆ ಅದನ್ನು ಶೇಕಡ 55ಕ್ಕೆ ಇಳಿಸಿತು. ಚಾರ್ಟರ್ ಶಾಲೆಗೆ ವಿದ್ಯಾರ್ಥಿಗಳಿದ್ದಾರೆ, ಗಡಿಯಿಲ್ಲ. ಗಡಿಯಿಲ್ಲದ್ದರಿಂದ ತೆರಿಗೆದಾರರಿಲ್ಲ. ವಿದ್ಯಾರ್ಥಿಗಳ ಸರಾಸರಿ ಹಾಜರಾತಿಯನ್ನು ಆಧರಿಸಿ ರಾಜ್ಯ ಕೊಡುವ ತಲಾವಾರು ಹಣವೇ ಅದರ ಮುಖ್ಯ ಆದಾಯ. ಶಿಕ್ಷಕರ ಸಂಬಳಕ್ಕೂ ಪುಸ್ತಕಕ್ಕೂ ಆಗಬೇಕಾದ ಆ ಹಣದಲ್ಲಿಯೇ ಸೂರನ್ನೂ ಹೊಂದಿಸಬೇಕು.

ಅದೇ 39ನೆಯ ಪ್ರಸ್ತಾವ ಮತ್ತೊಂದು ಕಟ್ಟಳೆಯನ್ನೂ ವಿಧಿಸಿತು. ಶಾಲಾ ಜಿಲ್ಲೆಗಳು ತಮ್ಮ ವ್ಯಾಪ್ತಿಯ ಚಾರ್ಟರ್ ಶಾಲೆಗಳ ಮಕ್ಕಳಿಗೆ ತಮ್ಮ ಇತರ ಶಾಲೆಗಳಿಗೆ ಸಮಂಜಸವಾಗಿ ಸಮಾನವಾದ ಸ್ಥಳಾವಕಾಶವನ್ನು ಒದಗಿಸತಕ್ಕದ್ದು. ಇಲ್ಲಿ 'ತಕ್ಕದ್ದು' ಇದೆ, ನಿಜ. ಆದರೆ 'ಸಮಂಜಸವಾಗಿ' ಎಂಬ ವಿಶೇಷಣವೂ ಜೊತೆಗಿದೆ. ತರಗತಿ ಕೋಣೆಗಳನ್ನು ಎಣಿಸುವ ಬಗೆ ಯಾವುದು ಎಂಬ ಪ್ರಶ್ನೆಯೊಂದೇ ಲಾಸ್ ಏಂಜಲೀಸ್ ಶಾಲಾ ಜಿಲ್ಲೆಯ ವಿರುದ್ಧ ರಾಜ್ಯದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 2015ರಲ್ಲಿ ತೀರ್ಮಾನವಾಗಬೇಕಾಯಿತು. ಜಿಲ್ಲೆ ಕೊಡುವ ಕೋಣೆಗಳು ವರ್ಷದಿಂದ ವರ್ಷಕ್ಕೆ ಬದಲಾಗಬಹುದಾದ್ದರಿಂದ ಸ್ವಂತ ಕಟ್ಟಡವನ್ನೋ ದೀರ್ಘಾವಧಿಯ ಬಾಡಿಗೆಯನ್ನೋ ಬಯಸಿದ ಶಾಲೆಗಳು ಸಾಲದ ದಾರಿ ಹಿಡಿಯುವುದು ಅನಿವಾರ್ಯವಾಯಿತು.

1849ರ ಒಂದು ಅಂಕಿ

ರಾಜ್ಯವೇ ಸಾಲ ತೆಗೆದು ಶಾಲೆಗಳಿಗೆ ಕೊಡಬಾರದೇಕೆ ಎಂದು ಕೇಳಬಹುದು. ಉತ್ತರಕ್ಕೆ ಹತ್ತೊಂಬತ್ತನೆಯ ಶತಮಾನಕ್ಕೆ ಹೋಗಬೇಕಾಗುತ್ತದೆ. 1830ರ ದಶಕದಲ್ಲಿ ಅಮೆರಿಕದ ರಾಜ್ಯಗಳು ಕಾಲುವೆ, ರೈಲುದಾರಿ, ಬ್ಯಾಂಕುಗಳಿಗಾಗಿ ಅಪಾರ ಸಾಲ ಮಾಡಿದವು. 1837ರ ಆರ್ಥಿಕ ಕುಸಿತದ ನಂತರ, 1841-42ರ ಸುಮಾರಿಗೆ, ಎಂಟು ರಾಜ್ಯಗಳೂ ಆಗ ಇನ್ನೂ ರಾಜ್ಯವಾಗಿರದ ಫ್ಲಾರಿಡವೂ ಸಾಲದ ಕಂತು ಕಟ್ಟಲಾಗದೆ ತಪ್ಪಿದವು. ಆ ಕಹಿ ಅನುಭವದಿಂದ ಅನೇಕ ರಾಜ್ಯಗಳು ತಮ್ಮ ಸಂವಿಧಾನಗಳಲ್ಲಿಯೇ ಸಾಲಕ್ಕೆ ಕಡಿವಾಣ ಹಾಕಿಕೊಂಡವು. 1849ರಲ್ಲಿ ಕ್ಯಾಲಿಫೋರ್ನಿಯ ತನ್ನ ಮೊದಲ ಸಂವಿಧಾನವನ್ನು ಬರೆದಾಗ ಶಾಸಕಾಂಗ ತಾನಾಗಿ ಮಾಡಬಹುದಾದ ಸಾಲವನ್ನು 3 ಲಕ್ಷ ಡಾಲರಿಗೆ ಮಿತಿಗೊಳಿಸಿತು. ಇಂದಿನ ಸಂವಿಧಾನದ 16ನೆಯ ವಿಧಿಯಲ್ಲಿಯೂ ಅದೇ 3 ಲಕ್ಷ ಡಾಲರು ಇದೆ. ಡಾಲರಿನ ಬೆಲೆ ಎಷ್ಟೋ ಪಾಲು ಇಳಿದಿದೆ, ರಾಜ್ಯದ ವೆಚ್ಚ ಎಷ್ಟೋ ಪಾಲು ಏರಿದೆ. ಅಂಕಿ ಮಾತ್ರ ಕದಲಿಲ್ಲ. ಅದಕ್ಕಿಂತ ಹೆಚ್ಚು ಬೇಕಾದರೆ ಶಾಸಕಾಂಗದ ಎರಡೂ ಸದನಗಳಲ್ಲಿ ಮೂರನೆಯ ಎರಡು ಭಾಗದ ಮತವೂ ಆಮೇಲೆ ಜನರ ಬಹುಮತವೂ ಬೇಕು. ರಾಜ್ಯದ ಸಾಲಶಕ್ತಿಯನ್ನು ಯಾವುದೇ ವ್ಯಕ್ತಿಗೆ ಅಥವಾ ಸಂಸ್ಥೆಗೆ ಎರವಲು ಕೊಡಕೂಡದೆಂಬ ನಿಷೇಧವೂ ಅದೇ ವಿಧಿಯಲ್ಲಿದೆ.

ಇಷ್ಟು ಬಿಗಿಯಾದ ಕಟ್ಟಿನಲ್ಲಿಯೂ ನ್ಯಾಯಾಲಯಗಳು ಒಂದು ಕಿಂಡಿಯನ್ನು ಗುರುತಿಸಿದವು. ಒಂದು ನಿರ್ದಿಷ್ಟ ಮೂಲದಿಂದ ಬರುವ ಆದಾಯದಿಂದ ಮಾತ್ರ ತೀರತಕ್ಕ, ರಾಜ್ಯದ ಸಾಮಾನ್ಯ ಬೊಕ್ಕಸದ ಮೇಲೆ ಯಾವ ಹಕ್ಕನ್ನೂ ಕೊಡದ ಬಾಂಡು ಸಂವಿಧಾನದ ಅರ್ಥದಲ್ಲಿ 'ಸಾಲ' ಅಲ್ಲ ಎಂಬುದು ಆ ಸಿದ್ಧಾಂತ. ಇದನ್ನು 'ವಿಶೇಷ ನಿಧಿ ಸಿದ್ಧಾಂತ' ಎಂದು ಕರೆಯಬಹುದು. ಅಂತಹ ಬಾಂಡನ್ನು ವರಮಾನ ಬಾಂಡು ಎನ್ನುತ್ತಾರೆ. ಸೇತುವೆಯ ಸುಂಕದಿಂದ ಸೇತುವೆಯ ಸಾಲ ತೀರುವುದು ಇದರ ಸರಳ ನಿದರ್ಶನ. 'ಸಾಲ' ಎಂಬ ನಿತ್ಯದ ಮಾತಿಗೆ ಕಾನೂನು ತನ್ನದೇ ಇಕ್ಕಟ್ಟಾದ ಅರ್ಥವನ್ನು ಕಟ್ಟಿಕೊಂಡದ್ದು ಇಲ್ಲಿ. ಪ್ರಾಧಿಕಾರ ವಾಸಿಸುವುದು ಆ ಎರಡು ಅರ್ಥಗಳ ನಡುವಣ ತೆರಪಿನಲ್ಲಿ.

ಪ್ರಾಧಿಕಾರದ ಅಧಿಕಾರಗಳು

ಪ್ರಾಧಿಕಾರ ಸ್ಥಾಪನೆಯಾದದ್ದು 1985ರಲ್ಲಿ, ಚಾರ್ಟರ್ ಶಾಲೆಗಳು ಹುಟ್ಟುವುದಕ್ಕೆ ಏಳು ವರ್ಷ ಮೊದಲು. ಶಾಲಾ ಜಿಲ್ಲೆಗಳಿಗೆ ಮತ್ತು ಸಮುದಾಯ ಕಾಲೇಜುಗಳಿಗೆ ಕಟ್ಟಡ ಹಾಗೂ ದುಡಿಮೆ ಬಂಡವಾಳಕ್ಕಾಗಿ ಹಣ ಒದಗಿಸುವುದು ಅದರ ಮೂಲ ಉದ್ದೇಶ. ಚಾರ್ಟರ್ ಶಾಲೆಗಳ ಕೆಲಸ ಅದಕ್ಕೆ ಆಮೇಲೆ ಸೇರಿತು; ಈಗ ಅದೇ ಅದರ ಮುಖ್ಯ ಕೆಲಸವಾಗಿದೆ. ಸದಸ್ಯರು ಮೂವರೇ: ರಾಜ್ಯದ ಖಜಾಂಚಿ, ಸಾರ್ವಜನಿಕ ಶಿಕ್ಷಣದ ಸೂಪರಿಂಟೆಂಡೆಂಟ್, ಹಣಕಾಸು ಇಲಾಖೆಯ ನಿರ್ದೇಶಕ. ಖಜಾಂಚಿ ಅಧ್ಯಕ್ಷ. ಮೊದಲ ಇಬ್ಬರು ಜನರಿಂದ ನೇರವಾಗಿ ಚುನಾಯಿತರಾದವರು, ಮೂರನೆಯವರು ರಾಜ್ಯಪಾಲರು ನೇಮಿಸಿದವರು. (ಅಮೆರಿಕದ ರಾಜ್ಯಪಾಲ ಚುನಾಯಿತ ಕಾರ್ಯಾಂಗ ಮುಖ್ಯಸ್ಥನೆಂಬುದನ್ನು, ನಮ್ಮ ರಾಜ್ಯಪಾಲರಂತೆ ಕೇಂದ್ರದಿಂದ ನೇಮಕಗೊಂಡವನಲ್ಲವೆಂಬುದನ್ನು ನೆನಪಿಡಬೇಕು.) ಚಾರ್ಟರ್ ಶಾಲೆಗಳ ಪ್ರತಿನಿಧಿಗೆ ಈ ಮಂಡಳಿಯಲ್ಲಿ ಸ್ಥಾನವಿಲ್ಲ, ಶಾಲಾ ಜಿಲ್ಲೆಯ ಪ್ರತಿನಿಧಿಗೂ ಇಲ್ಲ.

ಅದರ ಅಧಿಕಾರಗಳನ್ನು ಹೇಳುವ ವಾಕ್ಯಗಳು ಬಹುಮಟ್ಟಿಗೆ 'ಬಹುದು' ಎಂಬ ರೂಪದವು. ಪ್ರಾಧಿಕಾರ ಬಾಂಡುಗಳನ್ನು ಹೊರಡಿಸಬಹುದು, ಬಂದ ಹಣವನ್ನು ಸಾಲ ಕೊಡಬಹುದು, ಒಪ್ಪಂದ ಮಾಡಿಕೊಳ್ಳಬಹುದು, ದಾವೆ ಹೂಡಬಹುದು, ತನ್ನ ವೆಚ್ಚಕ್ಕೆ ಶುಲ್ಕ ಪಡೆಯಬಹುದು. ಇವೆಲ್ಲದರಲ್ಲಿ ತೂಕವುಳ್ಳದ್ದು ಮೊದಲನೆಯದು. ಅದರ ತೂಕ ಬರುವುದು ರಾಜ್ಯದ ಕಾನೂನಿನಿಂದಲ್ಲ, ಒಕ್ಕೂಟದ ಆದಾಯ ತೆರಿಗೆ ಕಾನೂನಿನಿಂದ. ರಾಜ್ಯ ಸರ್ಕಾರಗಳೂ ಅವುಗಳ ಅಂಗಸಂಸ್ಥೆಗಳೂ ಹೊರಡಿಸಿದ ಬಾಂಡಿನ ಬಡ್ಡಿಗೆ ಒಕ್ಕೂಟದ ಆದಾಯ ತೆರಿಗೆಯಿಂದ ವಿನಾಯಿತಿ ಉಂಟು. ತೆರಿಗೆಯಿಲ್ಲದ ಬಡ್ಡಿಯಾದ್ದರಿಂದ ಹೂಡಿಕೆದಾರರು ಕಡಿಮೆ ದರಕ್ಕೂ ಒಪ್ಪುತ್ತಾರೆ. ಆಂತರಿಕ ಕಂದಾಯ ಸಂಹಿತೆಯ 501(ಸಿ)(3)ರ ಕೆಳಗೆ ಬರುವ ಲಾಭರಹಿತ ಸಂಸ್ಥೆಗಳ ಕಟ್ಟಡಗಳಿಗೂ ಈ ವಿನಾಯಿತಿ ವಿಸ್ತರಿಸಿದೆ. ಆದರೆ ಆ ಸಂಸ್ಥೆ ತಾನೇ ಅಂತಹ ಬಾಂಡು ಹೊರಡಿಸಲಾರದು, ಸರ್ಕಾರಿ ಸ್ವರೂಪದ ಸಂಸ್ಥೆಯೊಂದರ ಮೂಲಕ ಹೊರಡಿಸಬೇಕು. 1982ರ ಒಕ್ಕೂಟದ ತೆರಿಗೆ ಕಾನೂನಿನಂತೆ ಅದಕ್ಕೆ ಮೊದಲು ಸಾರ್ವಜನಿಕ ಅಹವಾಲು ಕೇಳಿ ಚುನಾಯಿತ ಪ್ರತಿನಿಧಿಯೊಬ್ಬರು ಒಪ್ಪಿಗೆ ನೀಡಬೇಕು. ಪ್ರಾಧಿಕಾರ ಶಾಲೆಗೆ ಕೊಡುವುದು ತನ್ನ ಹೆಸರನ್ನು. ಹಣ ಹೂಡಿಕೆದಾರರದು, ತೀರಿಸುವವರು ಶಾಲೆಯವರು. ಪ್ರಾಧಿಕಾರ ಕಾಲುವೆಯಂತೆ: ನೀರು ಅದರ ಮೂಲಕ ಹರಿಯುತ್ತದೆ, ಆದರೆ ಅದರದಲ್ಲ.

ಆದುದರಿಂದಲೇ ಅಧಿಕಾರ ನೀಡುವ ವಾಕ್ಯಗಳ ಬೆನ್ನಿಗೇ ನಿಷೇಧದ ವಾಕ್ಯ ಬರುತ್ತದೆ. ಈ ಬಾಂಡುಗಳು ರಾಜ್ಯದ ಅಥವಾ ಅದರ ಯಾವುದೇ ರಾಜಕೀಯ ಉಪವಿಭಾಗದ ಸಾಲವೆಂದು ಪರಿಗಣಿತವಾಗತಕ್ಕದ್ದಲ್ಲ. ರಾಜ್ಯದ ತೆರಿಗೆ ಅಧಿಕಾರವನ್ನು ಅವುಗಳಿಗೆ ಒತ್ತೆಯಿಡತಕ್ಕದ್ದಲ್ಲ. ಅದಕ್ಕೆಂದು ಗೊತ್ತುಪಡಿಸಿದ ಆದಾಯದಿಂದ ಮಾತ್ರ ಅವು ತೀರತಕ್ಕದ್ದು. ಇದರ ಸಾರವನ್ನು ಪ್ರತಿ ಬಾಂಡಿನ ಮುಖದ ಮೇಲೂ ಅಚ್ಚು ಹಾಕಿರುತ್ತಾರೆ. ಕರ್ನಾಟಕದ ಓದುಗರಿಗೆ ಇದಕ್ಕೆ ವಿರುದ್ಧವಾದ ನಿದರ್ಶನ ಪರಿಚಿತ. 1994ರಲ್ಲಿ ಸ್ಥಾಪನೆಯಾದ ಕೃಷ್ಣಾ ಭಾಗ್ಯ ಜಲ ನಿಗಮ ನೀರಾವರಿ ಕಾಮಗಾರಿಗಳಿಗೆ ಬಾಂಡು ಹೊರಡಿಸಿದಾಗ ರಾಜ್ಯ ಸರ್ಕಾರ ಜಾಮೀನು ನಿಂತಿತ್ತು. ಹೀಗೆ ನಿಗಮಗಳಿಗೆ ಕೊಡುವ ಖಾತರಿಗಳು ಬೆಳೆಯುತ್ತ ಹೋದುದರಿಂದ 1999ರಲ್ಲಿ ಅವುಗಳಿಗೆ ಗರಿಷ್ಠ ಮಿತಿ ಹಾಕುವ ಅಧಿನಿಯಮವನ್ನೇ ತರಬೇಕಾಯಿತು. ನಮ್ಮಲ್ಲಿ ನಿಗಮದ ಹಿಂದೆ ಸರ್ಕಾರ ನಿಂತಿದೆ ಎಂಬುದೇ ಬಾಂಡಿನ ಆಕರ್ಷಣೆ. ಅಲ್ಲಿ ಸರ್ಕಾರ ನಿಂತಿಲ್ಲ ಎಂಬುದೇ ಬಾಂಡಿನ ಸಿಂಧುತ್ವ.

ಬಟವಾಡೆಗೆ ಮೊದಲೇ ಕಡಿತ

ರಾಜ್ಯ ಜಾಮೀನು ನಿಲ್ಲದ, ತೆರಿಗೆಯ ಬಲವಿಲ್ಲದ ಶಾಲೆಯ ಬಾಂಡನ್ನು ಯಾರು ಕೊಳ್ಳುತ್ತಾರೆ? ಈ ಬಾಂಡುಗಳು ಸಾಮಾನ್ಯವಾಗಿ ಹೂಡಿಕೆ ದರ್ಜೆಯ ಕೆಳಗಿನ ಅಂಚಿನಲ್ಲೋ ಅದಕ್ಕೂ ಕೆಳಗೋ ಇರುತ್ತವೆ. ಹೀಗಾಗಿ ಬಡ್ಡಿದರ ಹೆಚ್ಚು, ಕೊಳ್ಳುವವರು ದೊಡ್ಡ ಸಂಸ್ಥೆಗಳು. ಇವರ ಭರವಸೆಗಾಗಿ ಕ್ಯಾಲಿಫೋರ್ನಿಯದ ಶಿಕ್ಷಣ ಸಂಹಿತೆಯಲ್ಲಿ ಒಂದು ಉಪಾಯವಿದೆ. ಚಾರ್ಟರ್ ಶಾಲೆ ಲಿಖಿತವಾಗಿ ಒಪ್ಪಿದರೆ ರಾಜ್ಯದ ಕಂಟ್ರೋಲರ್ ಆ ಶಾಲೆಗೆ ಹೋಗಬೇಕಾದ ತಲಾವಾರು ಹಣದಿಂದ ಸಾಲದ ಕಂತನ್ನು ತೆಗೆದು ನೇರವಾಗಿ ಬಾಂಡುದಾರರ ಟ್ರಸ್ಟಿಗೆ ಕಳುಹಿಸುತ್ತಾರೆ. ಉಳಿದದ್ದು ಶಾಲೆಗೆ ತಲುಪುತ್ತದೆ. ಸಹಕಾರ ಸಂಘದ ಸಾಲದ ಕಂತನ್ನು ಬಟವಾಡೆ ಅಧಿಕಾರಿ ಸಂಬಳದ ಬಿಲ್ಲಿನಲ್ಲೇ ಹಿಡಿದುಕೊಳ್ಳುವುದನ್ನು ಬಲ್ಲ ಅಧ್ಯಾಪಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸಂಘಕ್ಕೆ ನೌಕರನ ಮೇಲೆ ಇರುವ ನಂಬಿಕೆಗಿಂತ ಬಟವಾಡೆ ಅಧಿಕಾರಿಯ ಮೇಲೆ ಇರುವ ನಂಬಿಕೆ ದೊಡ್ಡದು.

ಈ ಏರ್ಪಾಡಿನಲ್ಲಿ ಕಾನೂನಿನ ಯಾವ ಮಿತಿಯೂ ಮುರಿಯುವುದಿಲ್ಲ. ರಾಜ್ಯ ತಾನು ಕೊಡಲೇಬೇಕಾಗಿದ್ದ ಹಣವನ್ನೇ ಕೊಟ್ಟಿದೆ. ವಿಳಾಸವನ್ನು ಮಾತ್ರ ಬದಲಿಸಿದೆ. ಮಕ್ಕಳು ಕಡಿಮೆಯಾಗಿ ತಲಾವಾರು ಹಣ ಇಳಿದರೆ ಕೊರತೆಯನ್ನು ತುಂಬುವ ಹೊಣೆ ರಾಜ್ಯದ್ದಲ್ಲ. ಆದರೆ ಶಾಲೆಯ ಒಳಗಿನಿಂದ ನೋಡಿದರೆ ಚಿತ್ರ ಬೇರೆ. ಹಾಜರಾತಿ ಇಳಿದ ವರ್ಷದಲ್ಲಿ ಮೊದಲ ಪಾಲು ಬಾಂಡುದಾರರಿಗೆ ಹೋಗಿರುತ್ತದೆ. ಕೊರತೆಯನ್ನು ಹೊರುವುದು ಸಂಬಳ, ಪುಸ್ತಕ, ಸಲಕರಣೆಗಳ ಬಾಬ್ತು. ಕಾನೂನು ರಾಜ್ಯವನ್ನೂ ಪ್ರಾಧಿಕಾರವನ್ನೂ ಹೊಣೆಯಿಂದ ಕಾಪಾಡಿದೆ, ನೇರ ಕಡಿತದಿಂದ ಬಾಂಡುದಾರರನ್ನೂ ಸಾಕಷ್ಟು ಕಾಪಾಡಿದೆ. ಕಾಪಾಡುವ ವಾಕ್ಯವೊಂದೂ ಇಲ್ಲದೆ ಉಳಿದದ್ದು ತರಗತಿ. ವಿಶೇಷ ನಿಧಿಯ ಸಿದ್ಧಾಂತ ಸೇತುವೆಯ ಸುಂಕಕ್ಕೆ ಹೊಂದಿದಷ್ಟು ಸಹಜವಾಗಿ ಇಲ್ಲಿ ಹೊಂದುವುದಿಲ್ಲವೆಂದೇ ಹೇಳಬೇಕು. ಸುಂಕವನ್ನು ಸೇತುವೆ ತಾನೇ ದುಡಿಯುತ್ತದೆ. ಶಾಲೆಯ 'ವರಮಾನ' ರಾಜ್ಯದ ಬೊಕ್ಕಸದಿಂದಲೇ ಬಂದು ಅದರ ಕೈ ಸೇರುವ ಮೊದಲೇ ಹೊರಟುಹೋಗುತ್ತದೆ.

ಪ್ರಾಧಿಕಾರದ ಮತ್ತೊಂದು ಕೆಲಸ ಇದಕ್ಕೆ ಪೂರಕವಾಗಿದೆ. ಬಡ ಮಕ್ಕಳು ಹೆಚ್ಚಿರುವ ಚಾರ್ಟರ್ ಶಾಲೆಗಳ ಬಾಡಿಗೆಯಲ್ಲಿ ಶೇಕಡ 75ರವರೆಗೆ, ವಿದ್ಯಾರ್ಥಿಯೊಬ್ಬನಿಗೆ ಇಷ್ಟೆಂಬ ಮಿತಿಗೆ ಒಳಪಟ್ಟು, ಭರಿಸುವ ಯೋಜನೆಯೊಂದು 2001ರ ಕಾನೂನಿನಿಂದ ಬಂತು. ಶಿಕ್ಷಣ ಇಲಾಖೆ ನಡೆಸುತ್ತಿದ್ದ ಅದು 2013ರಲ್ಲಿ ಪ್ರಾಧಿಕಾರಕ್ಕೆ ವರ್ಗವಾಯಿತು.

ಮತದಾರರು ಒಪ್ಪಿದ ಹಣ

ಕಾಲುವೆಯ ಉಪಮೆ ಹೊಂದದ ಒಂದು ಭಾಗವೂ ಪ್ರಾಧಿಕಾರದ ಕೆಲಸದಲ್ಲಿದೆ. 2002ರಲ್ಲಿ ಶಾಸಕಾಂಗ ಚಾರ್ಟರ್ ಶಾಲೆಗಳ ಕಟ್ಟಡಗಳಿಗೆ ಪ್ರತ್ಯೇಕ ಯೋಜನೆಯೊಂದನ್ನು ರೂಪಿಸಿತು. ಇದರ ಹಣ 16ನೆಯ ವಿಧಿಯ ರಾಜಮಾರ್ಗದಲ್ಲಿಯೇ, ಅಂದರೆ ರಾಜ್ಯದ ಮತದಾರರ ಒಪ್ಪಿಗೆಯಿಂದ, ಬಂದದ್ದು. 2002ರ 47ನೆಯ ಪ್ರಸ್ತಾವದ 1,305 ಕೋಟಿ ಡಾಲರಿನಲ್ಲಿ 10 ಕೋಟಿ ಚಾರ್ಟರ್ ಶಾಲೆಗಳಿಗೆ ಮೀಸಲಾಯಿತು. 2004ರ 55ನೆಯ ಪ್ರಸ್ತಾವದಲ್ಲಿ 30 ಕೋಟಿ, 2006ರ '1ಡಿ' ಪ್ರಸ್ತಾವದಲ್ಲಿ 50 ಕೋಟಿ, 2016ರ 51ನೆಯ ಪ್ರಸ್ತಾವದಲ್ಲಿ 50 ಕೋಟಿ, 2024ರ ನವೆಂಬರಿನಲ್ಲಿ ಅಂಗೀಕಾರವಾದ 2ನೆಯ ಪ್ರಸ್ತಾವದ 1,000 ಕೋಟಿಯಲ್ಲಿ 60 ಕೋಟಿ. ಎಲ್ಲವನ್ನೂ ಕೂಡಿಸಿದರೆ 200 ಕೋಟಿ ಡಾಲರು. ಇದು ಯಾವ ಅರ್ಥದಲ್ಲಿಯೂ ರಾಜ್ಯದ ಸಾಲವೇ.

ಈ ಯೋಜನೆಯಲ್ಲಿ ವೆಚ್ಚದ ಅರ್ಧ ಭಾಗ ಅನುದಾನ. ಉಳಿದರ್ಧ ಶಾಲೆಯ ಪಾಲು. ಅದನ್ನು ಸಾಲವಾಗಿಯೂ ಪಡೆಯಬಹುದು. ಹಣ ಹಂಚುವ ಅಧಿಕಾರ ಪ್ರಾಧಿಕಾರದ್ದಲ್ಲ, ರಾಜ್ಯದ ಹಂಚಿಕೆ ಮಂಡಳಿಯದು. ಅರ್ಜಿ ಹಾಕಿದ ಶಾಲೆ ಆರ್ಥಿಕವಾಗಿ ಸದೃಢವಾಗಿದೆಯೇ ಎಂದು ನಿರ್ಧರಿಸುವುದಷ್ಟೇ ಪ್ರಾಧಿಕಾರದ ಪಾಲಿಗೆ ಬಂದಿದೆ. ನೋಡುವುದಕ್ಕೆ ಇದು ಸಣ್ಣ ಅಧಿಕಾರ, ಪರಿಣಾಮದಲ್ಲಿ ದೊಡ್ಡದು. ಹಳೆಯ, ದೊಡ್ಡ ಸಂಸ್ಥೆಗಳಿಗೆ ಸದೃಢತೆಯನ್ನು ತೋರಿಸುವುದು ಸುಲಭ. ಒಂಟಿಯಾದ ಹೊಸ ಶಾಲೆಗೆ ಲೆಕ್ಕಪತ್ರದ ಇತಿಹಾಸವೇ ಇರುವುದಿಲ್ಲ. ಆದರೂ ಸಾಲ ಕೊಡುವ ಸಂಸ್ಥೆ ಈ ಪರೀಕ್ಷೆಯನ್ನು ಸಡಿಲಿಸಿದರೆ ನಷ್ಟ ಸಾರ್ವಜನಿಕ ಹಣದ್ದಾಗುವುದರಿಂದ ಇಲ್ಲಿ ಪ್ರಾಧಿಕಾರವನ್ನು ದೂರುವುದು ಉಚಿತವೆನಿಸುವುದಿಲ್ಲ.

ಶಾಲೆ ಮುಚ್ಚಿಹೋದರೆ ಕಟ್ಟಡದ ಗತಿಯೇನು ಎಂಬುದನ್ನು ಈ ಯೋಜನೆಯ ಕಾನೂನು ಸ್ಪಷ್ಟವಾಗಿ ಬರೆದಿಟ್ಟಿದೆ. ಮೊದಲ ಆದ್ಯತೆ ಉತ್ತರಾಧಿಕಾರಿಯಾಗಿ ಬರುವ ಮತ್ತೊಂದು ಚಾರ್ಟರ್ ಶಾಲೆಗೆ; ಅದಿಲ್ಲದಿದ್ದರೆ ಶಾಲಾ ಜಿಲ್ಲೆಗೆ; ಅದೂ ಬೇಡವೆಂದರೆ ಮಾತ್ರ ಮಾರಾಟ. ಸಾರ್ವಜನಿಕ ಹಣದಿಂದ ಎದ್ದ ಗೋಡೆ ಸಾರ್ವಜನಿಕ ಶಾಲೆಯಾಗಿಯೇ ಉಳಿಯಲೆಂಬ ಆಶಯ ಇಲ್ಲಿದೆ. ವರಮಾನ ಬಾಂಡಿನ ಕಟ್ಟಡಗಳಿಗೆ ಇಂತಹ ಆದ್ಯತಾಕ್ರಮವಿಲ್ಲ. ಅಲ್ಲಿ ಕಟ್ಟಡ ಸಾಮಾನ್ಯವಾಗಿ ಅದಕ್ಕೆಂದೇ ರಚಿಸಿದ ಸಂಸ್ಥೆಯೊಂದರ ಹೆಸರಿನಲ್ಲಿದ್ದು ಶಾಲೆ ಅದರ ಬಾಡಿಗೆದಾರ. ಕಂತು ತಪ್ಪಿದರೆ ಅಡಮಾನದ ಹಕ್ಕು ಬಾಂಡುದಾರರದು.

ಐದು ವರ್ಷ ಮತ್ತು ಮೂವತ್ತು ವರ್ಷ

ಈ ಇಡೀ ಏರ್ಪಾಡಿನ ಒಳಗೆ ಕಾಲದ ಹೊಂದಾಣಿಕೆಯೇ ಇಲ್ಲ. ಕಟ್ಟಡದ ಬಾಂಡು ಸಾಮಾನ್ಯವಾಗಿ ಮೂವತ್ತು ವರ್ಷದ್ದು. ಸನ್ನದು ಐದು ವರ್ಷದ್ದು. ಅಂದರೆ ಒಂದು ಸಾಲ ತೀರುವುದರೊಳಗೆ ಶಾಲೆ ಐದು ಸಲ ನವೀಕರಣದ ಬಾಗಿಲನ್ನು ದಾಟಬೇಕು. 2019ರಲ್ಲಿ ಅಂಗೀಕಾರವಾದ 1505ನೆಯ ವಿಧೇಯಕ ನವೀಕರಣದ ನಿಯಮಗಳನ್ನು ಬದಲಿಸಿತು. ಉತ್ತಮ ಫಲಿತಾಂಶದ ಶಾಲೆಗೆ ಐದರಿಂದ ಏಳು ವರ್ಷ, ಮಧ್ಯಮದ್ದಕ್ಕೆ ಐದು, ಕೆಳದರ್ಜೆಯದ್ದಕ್ಕೆ ನವೀಕರಣ ಸಿಕ್ಕಿದರೂ ಎರಡೇ ವರ್ಷ. ಶಿಕ್ಷಣದ ದೃಷ್ಟಿಯಿಂದ ಇದು ಸಮಂಜಸ. ಸಾಲದ ದೃಷ್ಟಿಯಿಂದ ಎರಡು ವರ್ಷದ ಸನ್ನದನ್ನು ನಂಬಿ ಮೂವತ್ತು ವರ್ಷದ ಹಣ ಕೊಡುವವರು ಸಿಗುವುದು ಕಷ್ಟ.

ಇಲ್ಲಿಯೇ ಪ್ರಾಧಿಕಾರದ ಅತ್ಯಂತ ಮುಖ್ಯವಾದ ಮಿತಿ ಕಾಣುತ್ತದೆ. ಸನ್ನದನ್ನು ಕೊಡುವ, ನವೀಕರಿಸುವ, ರದ್ದುಪಡಿಸುವ ಯಾವ ಅಧಿಕಾರವೂ ಅದಕ್ಕಿಲ್ಲ. ಪಾಠಕ್ರಮದ ಬಗೆಗಾಗಲಿ ಶಿಕ್ಷಕರ ನೇಮಕದ ಬಗೆಗಾಗಲಿ ಅದು ಆಜ್ಞೆ ಮಾಡುವಂತಿಲ್ಲ. ಸನ್ನದಿನ ಅಧಿಕಾರವುಳ್ಳ ಶಾಲಾ ಜಿಲ್ಲೆಗೆ ಸಾಲದ ಹೊಣೆಯಿಲ್ಲ. ಲಾಭರಹಿತ ಸಂಸ್ಥೆಗೆ ಸನ್ನದು ಕೊಟ್ಟ ಅಧಿಕಾರಿ ಉಸ್ತುವಾರಿಯ ಕರ್ತವ್ಯಗಳನ್ನು ಪಾಲಿಸಿದ್ದರೆ ಶಾಲೆಯ ಸಾಲಗಳಿಗೆ ಬಾಧ್ಯನಲ್ಲವೆಂದು ಶಿಕ್ಷಣ ಸಂಹಿತೆಯ 47604ನೆಯ ಪ್ರಕರಣ ಹೇಳುತ್ತದೆ. ಹೀಗೆ ಶಾಲೆಯ ಆಯುಸ್ಸನ್ನು ನಿರ್ಧರಿಸುವವರಿಗೆ ಸಾಲದ ಚಿಂತೆಯಿಲ್ಲ, ಸಾಲವನ್ನು ಏರ್ಪಡಿಸುವವರಿಗೆ ಆಯುಸ್ಸಿನ ಮೇಲೆ ಹಿಡಿತವಿಲ್ಲ. ಇದನ್ನು ದೋಷವೆಂದು ಎಣಿಸುವವರಿದ್ದಾರೆ. ಆದರೆ ಸಾಲದ ಭಯದಿಂದ ಕಳಪೆ ಶಾಲೆಯೊಂದರ ಸನ್ನದನ್ನು ಮುಂದುವರಿಸುವ ಪರಿಸ್ಥಿತಿ ಬಂದಿದ್ದರೆ ಅದು ಇದಕ್ಕಿಂತ ಕೆಡುಕಾಗುತ್ತಿತ್ತು. ಎರಡು ಅಧಿಕಾರಗಳನ್ನು ಬೇರೆ ಬೇರೆ ಕೈಗಳಲ್ಲಿಟ್ಟದ್ದು ವಿವೇಕದ ಕ್ರಮವೆಂದೇ ಹೇಳಬೇಕಾಗುತ್ತದೆ.

ಆದರೆ ಮಿತಿಗಳಿಗೆ ಬೆಲೆಯಿರುವುದು ಅವನ್ನು ಸುತ್ತಿಹೋಗಲು ದಾರಿಯಿಲ್ಲದಾಗ. ಚಾರ್ಟರ್ ಶಾಲೆ ಈ ಪ್ರಾಧಿಕಾರದ ಬಳಿಯೇ ಬರಬೇಕೆಂದಿಲ್ಲ. ಕ್ಯಾಲಿಫೋರ್ನಿಯದಲ್ಲಿಯೇ ಸ್ಥಳೀಯ ಸಂಸ್ಥೆಗಳು ಕೂಡಿ ರಚಿಸಿಕೊಂಡ ಬೇರೆ ಬಾಂಡು ಸಂಸ್ಥೆಗಳಿವೆ. ವಿಸ್ಕಾನ್ಸಿನ್ ರಾಜ್ಯದ ಕಾನೂನಿನಡಿ 2010ರಲ್ಲಿ ಸ್ಥಾಪನೆಯಾದ 'ಪಬ್ಲಿಕ್ ಫೈನಾನ್ಸ್ ಅಥಾರಿಟಿ' ದೇಶದ ಇತರ ರಾಜ್ಯಗಳ ಕಾಮಗಾರಿಗಳಿಗೂ ಬಾಂಡು ಹೊರಡಿಸುತ್ತದೆ. ಒಂದು ಸಂಸ್ಥೆಯ ಪರಿಶೀಲನೆ ಬಿಗಿಯಾದರೆ ಅರ್ಜಿದಾರ ಇನ್ನೊಂದರ ಕಡೆ ತಿರುಗಬಹುದು.

ಕೇಳತಕ್ಕದ್ದು, ಕೊಡಬಹುದು

ಬೇರೆ ಕೆಲವು ರಾಜ್ಯಗಳು ಜಾಮೀನಿಗೂ ನಿರಾಕರಣೆಗೂ ನಡುವೆ ಮೂರನೆಯದೊಂದು ನೆಲೆಯನ್ನು ಕಂಡುಕೊಂಡಿವೆ. ಅದನ್ನು 'ನೈತಿಕ ಹೊಣೆ' ಎನ್ನುತ್ತಾರೆ. ಇದನ್ನು ರೂಪಿಸಿದವನು ಬಾಂಡುಗಳ ವಕೀಲನಾಗಿದ್ದ ಜಾನ್ ಮಿಚೆಲ್. ಕಾಲ 1960, ಸ್ಥಳ ನ್ಯೂಯಾರ್ಕ್, ನೆಲ್ಸನ್ ರಾಕ್‌ಫೆಲ್ಲರ್ ರಾಜ್ಯಪಾಲನಾಗಿದ್ದಾಗ ವಸತಿ ಯೋಜನೆಗಳ ಸಂದರ್ಭ. (ಈತನೇ ಮುಂದೆ ನಿಕ್ಸನ್ ಸರ್ಕಾರದ ಅಟಾರ್ನಿ ಜನರಲ್ ಆಗಿ ವಾಟರ್‌ಗೇಟ್ ಹಗರಣದಲ್ಲಿ ಸೆರೆಮನೆ ಕಂಡವನು, 'ನೈತಿಕ' ಎಂಬ ವಿಶೇಷಣದ ಜನಕನಿಗೆ ಇದು ವಿಚಿತ್ರ ಪಾಡು.) ಕೊಲರಾಡೊ ರಾಜ್ಯ ಚಾರ್ಟರ್ ಶಾಲೆಗಳ ಬಾಂಡುಗಳಿಗೆ ಇದನ್ನು ಅಳವಡಿಸಿಕೊಂಡಿತು. ಯೂಟಾ ರಾಜ್ಯ 2007ರಲ್ಲಿ ಚಾರ್ಟರ್ ಶಾಲೆಗಳಿಗೆಂದೇ ಹಣಕಾಸು ಪ್ರಾಧಿಕಾರವನ್ನು ಸ್ಥಾಪಿಸಿ 2012ರಲ್ಲಿ ಈ ಬಗೆಯ ಬೆಂಬಲವನ್ನು ಸೇರಿಸಿತು.

ಇದರ ವ್ಯಾಕರಣವನ್ನು ಕನ್ನಡ ಬಹಳ ಚೊಕ್ಕವಾಗಿ ತೋರಿಸುತ್ತದೆ. ಬಾಂಡಿನ ಮೀಸಲು ನಿಧಿ ಕೊರತೆ ಬಿದ್ದರೆ ಅದನ್ನು ತುಂಬಿಕೊಡುವಂತೆ ರಾಜ್ಯಪಾಲರು ಶಾಸಕಾಂಗವನ್ನು ಕೇಳತಕ್ಕದ್ದು, ಶಾಸಕಾಂಗ ಕೊಡಬಹುದು. ಕೊಡಲೇಬೇಕೆಂದಿಲ್ಲ ಎಂಬುದನ್ನು ಕೊಲರಾಡೊದ ಕಾನೂನು ಬಿಡಿಸಿಯೇ ಹೇಳಿದೆ. 'ಕೇಳತಕ್ಕದ್ದು' ಎಂಬುದರಿಂದ ಬಾಂಡುದಾರನಿಗೆ ಸಮಾಧಾನ; 'ಕೊಡಬಹುದು' ಎಂಬುದರಿಂದ ಸಂವಿಧಾನದ ಸಾಲಮಿತಿಗೆ ಸಮಾಧಾನ. ಈ ಎರಡರಲ್ಲಿ ಒಂದನ್ನು ಅನುವಾದಕ ಅದಲುಬದಲು ಮಾಡಿದರೆ ಇಡೀ ಬಾಂಡು ಅಸಿಂಧುವಾಗುವಂತಹ ಅರ್ಥ ಬರುತ್ತದೆ. ಕಾನೂನು ಅನುವಾದದ ಪಾಠ ಹೇಳುವವರಿಗೆ ಇದಕ್ಕಿಂತ ಸೂಕ್ತವಾದ ಉದಾಹರಣೆ ಸಿಗುವುದು ಅಪರೂಪ. 1975ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ 'ಅರ್ಬನ್ ಡೆವಲಪ್‌ಮೆಂಟ್ ಕಾರ್ಪೊರೇಷನ್' ಕಂತು ತಪ್ಪಿದಾಗ ರಾಜ್ಯ ಕೊನೆಗೆ ನೆರವಿಗೆ ಬಂದಿತು. ಕಾನೂನು ಬಲವಂತ ಮಾಡದಿದ್ದರೂ ಮಾರುಕಟ್ಟೆ ಮಾಡಬಲ್ಲದು ಎಂಬುದನ್ನು ಆ ಘಟನೆ ತೋರಿಸಿತು. ಆದುದರಿಂದ 'ಬಹುದು' ಎಂಬುದು ಕಾಗದದ ಮೇಲೆ ಇರುವಷ್ಟು ಸ್ವತಂತ್ರವಾಗಿ ವ್ಯವಹಾರದಲ್ಲಿ ಇರುವುದಿಲ್ಲ.

'ಸಾರ್ವಜನಿಕ' ಎಂಬ ವಿಶೇಷಣ

ಹಣಕಾಸಿನ ಈ ಕಟ್ಟಡವೆಲ್ಲ ನಿಂತಿರುವ ತಳಪಾಯದ ಕಲ್ಲು 'ಸಾರ್ವಜನಿಕ' ಎಂಬ ಒಂದು ವಿಶೇಷಣ. ಅದು ಎಲ್ಲ ರಾಜ್ಯಗಳಲ್ಲಿಯೂ ಅಷ್ಟೇ ಗಟ್ಟಿಯಾಗಿಲ್ಲ. 2015ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅಲ್ಲಿಯ ಚಾರ್ಟರ್ ಶಾಲೆಗಳ ಕಾನೂನನ್ನು ಅಸಿಂಧುಗೊಳಿಸಿತು. ಚುನಾಯಿತ ಮಂಡಳಿಗೆ ಉತ್ತರದಾಯಿಯಾಗದ ಶಾಲೆ ಆ ರಾಜ್ಯದ ಸಂವಿಧಾನ ಹೇಳುವ 'ಸಾಮಾನ್ಯ ಶಾಲೆ' ಅಲ್ಲ, ಆದುದರಿಂದ ಸಾಮಾನ್ಯ ಶಾಲೆಗಳಿಗೆ ಮೀಸಲಾದ ಹಣ ಅದಕ್ಕೆ ಸಲ್ಲದು ಎಂಬುದು ಕಾರಣ. ಕ್ಯಾಲಿಫೋರ್ನಿಯದ ವಿಲ್ಸನ್ ತೀರ್ಪಿನಲ್ಲಿ ಉಸ್ತುವಾರಿಯೇ ಹತೋಟಿ ಎನಿಸಿತ್ತು. ಇಲ್ಲಿ ಚುನಾವಣೆಯಿಲ್ಲದೆ ಹತೋಟಿಯಿಲ್ಲ ಎಂದಾಯಿತು. ಮರುವರ್ಷ ಅಲ್ಲಿಯ ಶಾಸಕಾಂಗ ರಾಜ್ಯದ ಲಾಟರಿಯ ಆದಾಯ ಬರುವ ಖಾತೆಯಿಂದ ಹಣ ಕೊಡುವ ಹೊಸ ಕಾನೂನನ್ನು ತಂದಿತು. 2018ರಲ್ಲಿ ಅದೇ ನ್ಯಾಯಾಲಯ ಅದನ್ನು ಬಹುಮಟ್ಟಿಗೆ ಒಪ್ಪಿತು.

ಇತ್ತೀಚಿನ ಪ್ರಕರಣ ಒಕ್ಲಹೋಮದ್ದು. ಕ್ಯಾಥೊಲಿಕ್ ಧರ್ಮಪ್ರಾಂತಗಳು ಸ್ಥಾಪಿಸಹೊರಟ ಆನ್‌ಲೈನ್ ಶಾಲೆಯೊಂದಕ್ಕೆ ಸನ್ನದು ದೊರೆತಿತ್ತು. ಚಾರ್ಟರ್ ಶಾಲೆ ಸಾರ್ವಜನಿಕ ಶಾಲೆಯಾದ್ದರಿಂದ ಅದು ಮತೀಯವಾಗಿರಕೂಡದೆಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ತೀರ್ಪಿತ್ತಿತು. 2025ರ ಮೇ 22ರಂದು ಒಕ್ಕೂಟದ ಸರ್ವೋಚ್ಚ ನ್ಯಾಯಾಲಯ ನಾಲ್ಕು-ನಾಲ್ಕು ಮತಗಳಿಂದ ಸಮವಾಗಿ ಒಡೆದುದರಿಂದ ಕೆಳಗಿನ ತೀರ್ಪು ಉಳಿಯಿತು. ಸಮಮತದ ನಿರ್ಣಯ ಮುಂದಿನ ಪ್ರಕರಣಗಳಿಗೆ ಮೇಲ್ಪಂಕ್ತಿಯಾಗುವುದಿಲ್ಲ. ಚಾರ್ಟರ್ ಶಾಲೆ ಒಕ್ಕೂಟದ ಸಂವಿಧಾನದ ದೃಷ್ಟಿಯಲ್ಲಿ ಖಾಸಗಿ ಸಂಸ್ಥೆಯೆಂದು ಮುಂದೆಂದಾದರೂ ತೀರ್ಮಾನವಾದರೆ ಅದರ ಪರಿಣಾಮ ಮತಬೋಧೆಯ ಪ್ರಶ್ನೆಗಷ್ಟೇ ನಿಲ್ಲುವುದಿಲ್ಲ. ಸಾರ್ವಜನಿಕ ಅಧಿಕಾರಿಗಳ ಹತೋಟಿಯಲ್ಲಿರುವ ಶಾಲೆಗೇ ಹಣ ಎನ್ನುವ ಕ್ಯಾಲಿಫೋರ್ನಿಯದಂತಹ ರಾಜ್ಯಗಳಲ್ಲಿ ತಲಾವಾರು ಹಣದ ಹಕ್ಕೇ ಮತ್ತೆ ನ್ಯಾಯಾಲಯದ ಮೆಟ್ಟಿಲೇರಬಹುದು. ಮೂವತ್ತು ವರ್ಷದ ಬಾಂಡುಗಳಿಗೆ ಆಧಾರವಾಗಿರುವುದು ಅದೇ ಹಣ.